ಮೂವತ್ತೆರಡಲ್ಲ, ನಲವತ್ತು

ನಮ್ಮ ಕಾಲಕ್ಕೆ ರಿಜಿಸ್ಟರ್ ಎಂದರೆ
ಹಸಿರು ಬಟ್ಟೆಯ ಬೈಂಡು, ಇನ್ನೂರು ಹಾಳೆ,
ಮೊಣಕೈಗೆ ಅಂಟುವ ಮಸಿ.
ಕುತಾಯಿಸಿಯ ಲಾರಿ ಕಾರ್ಖಾನೆಯಲ್ಲಿ, ಸಂಬಳದ ಕಿಟಕಿಯ ಹಿಂದೆ,
ಇಪ್ಪತ್ತಾರು ವರ್ಷ ಅದನ್ನೇ ಹೊತ್ತೆ.
ಈಗ ವಖುಷ್ತಿ ಹೇಳುತ್ತಾನೆ:
ರಿಜಿಸ್ಟರ್ ಎಂದರೆ ಒಂದೇ ಸಂಖ್ಯೆ ಹಿಡಿಸುವ ಬೊಗಸೆ,
ಹೊಸದು ಸುರಿದರೆ ಹಳೆಯದು ಹೋಯಿತು.
ಎಂಥ ಗುಮಾಸ್ತನಪ್ಪ ಇವನು, ಎಂದೆ.

ಗುರುವಾರ ಸಂಜೆ, ಲೈಬ್ರರಿಯ ಹಿಂದಿನ ಕೋಣೆ.
ಹೀಟರ್ ಒಂದು, ನಾವು ಐವರು.
ಪಕ್ಕದಲ್ಲಿ ಮುರ್ಮಾನ್, ಟ್ರಾಲಿಬಸ್ ಓಡಿಸಿ ನಿವೃತ್ತನಾದವನು,
ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು
ಕೀಲಿಮಣೆಯ ಮೇಲೇ ಉದುರಿಸುತ್ತಾನೆ.
ಇವತ್ತಿನ ಕೆಲಸ ಇಷ್ಟೇ:
ಯಂತ್ರದೊಳಗೆ ಆಗಲೇ ಮಲಗಿರುವ ಕ್ಯಾಲ್ಕುಲೇಟರನ್ನು
ಮೌಸ್ ಮುಟ್ಟದೆ, ಅಸೆಂಬ್ಲಿಯ ಹತ್ತು ಸಾಲಿನಲ್ಲಿ
ಕರೆದು ಎಬ್ಬಿಸಬೇಕು.
ಇದರಲ್ಲಿ ಲೆಕ್ಕವೇನೂ ಇಲ್ಲ, ಎಂದ ಹುಡುಗ,
ಲೆಕ್ಕ ಮಾಡುವವನನ್ನು ಕರೆಯುವುದಷ್ಟೇ.

ಮೊದಲು ಸೊನ್ನೆ ಇಡಬೇಕಂತೆ. ಸೊನ್ನೆ ಕಾಣುವವರೆಗೆ
ಹೆಸರು ಎಲ್ಲಿ ಮುಗಿಯಿತೆಂದು ಇದಕ್ಕೆ ತಿಳಿಯದು.
ಅದರ ಮೇಲೆ ಹೆಸರು, ಅದೂ ತಿರುಗುಮುರುಗು,
ಬಾಲದ ಅಕ್ಷರ ಮೊದಲು, ತಲೆಯದು ಕೊನೆಗೆ.
ಡಿಪೋದಿಂದ ರಿವರ್ಸಿನಲ್ಲೇ ಊರು ಸುತ್ತಿದ ಹಾಗೆ,
ಎಂದು ಮುರ್ಮಾನ್ ನಕ್ಕ.

ಸೊನ್ನೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಕೂಪನ್ನಿನ ಆ ಎರಡು ವರ್ಷ
ಬೆಳಗಿನ ರೊಟ್ಟಿಯ ಬೆಲೆಗೆ ಸಂಜೆ ಇನ್ನೊಂದು ಬಾಲ.
ಮಣಿಚೌಕಟ್ಟಿನ ತಂತಿ ಸಾಲದೆ
ಪಕ್ಕದ ಮೇಜಿನ ಗುಲ್ನಾರಾಳದ್ದನ್ನೂ ತಂದು
ಎರಡು ಚೌಕಟ್ಟು ಜೋಡಿಸಿ ಒಂದೇ ಲೆಕ್ಕ ಓಡಿಸಿದೆವು.
ಲೇಥಿನ ಒಟಿಯಾ ತಿಂಗಳಿಗೊಮ್ಮೆ ಕಿಟಕಿಗೆ ಬರುತ್ತಿದ್ದ.
ಬಂತೇ ಎಂದು ಕೇಳಿದವನಲ್ಲ, ಟೋಪಿ ತೆಗೆಯುತ್ತಿದ್ದ.
ಪುಸ್ತಕದಲ್ಲಿ ನಾನು ಬರೆದದ್ದು ಸರಿಯಾಗಿಯೇ ಇತ್ತು.
ಪೆಟ್ಟಿಗೆಯಲ್ಲಿ ಇರಲಿಲ್ಲ.

ಓಡಿಸಿದೆ. ಏನೂ ಆಗಲಿಲ್ಲ.
ಬೈಗುಳವಿಲ್ಲ, ಕೆಂಪು ಅಕ್ಷರವಿಲ್ಲ,
ಪರದೆ ಒಮ್ಮೆ ಕಣ್ಣು ಮಿಟುಕಿಸಿ ಸುಮ್ಮನಾಯಿತು.
ಮತ್ತೊಮ್ಮೆ. ಮಗದೊಮ್ಮೆ.
ವಖುಷ್ತಿ ಬಾಗಿದ, ಅವನ ಒದ್ದೆ ಸ್ಕಾರ್ಫು ನನ್ನ ಹೆಗಲಿಗೆ.
ಕರೆಯುವ ಮುಂಚೆ ಬರುವವನಿಗೆ ಜಾಗ ಬಿಡಬೇಕಲ್ಲ, ಎಷ್ಟು ಬಿಟ್ಟಿರಿ?
ಮೂವತ್ತೆರಡು. ನೀನೇ ಹೇಳಿದ್ದು.
ಅದು ಅವನ ಪಾಲು, ದೇಯಿದಾ. ಆದರೆ ಒಟ್ಟು ಮೊತ್ತ
ಹದಿನಾರರ ಗೆರೆಯ ಮೇಲೆ ಕೂರಬೇಕು.
ನೀವು ಮರಳಬೇಕಾದ ವಿಳಾಸವೇ ಎಂಟು ತಿಂದಿದೆ.

ತಡಿ, ಎಂದೆ. ಪೆನ್ಸಿಲ್ ತೆಗೆದೆ.
ವಿಳಾಸಕ್ಕೆ ಎಂಟು, ಸೊನ್ನೆಗೆ ಎಂಟು, ಹೆಸರಿಗೆ ಎಂಟು,
ಇಪ್ಪತ್ತನಾಲ್ಕು. ಮೂವತ್ತೆರಡು ಸೇರಿ ಐವತ್ತಾರು.
ಅರವತ್ತನಾಲ್ಕಕ್ಕೆ ಎಂಟು ಕೊರತೆ.
ಮೂವತ್ತೆರಡಲ್ಲ, ನಲವತ್ತು.
ಲೆಕ್ಕವೇನೂ ಇಲ್ಲ ಅಂದಿದ್ದೆಯಲ್ಲೋ!

ಬಂತು.
ಬೂದು ಚೌಕ, ಬಲತುದಿಯಲ್ಲಿ ಒಂಟಿ ಸೊನ್ನೆ.
ಮುರ್ಮಾನ್ ಚಪ್ಪಾಳೆ ತಟ್ಟಿದ, ಸಿಪ್ಪೆ ಹಾರಿತು.
ನಾನು ಹೆತ್ತದ್ದು, ಎಂದೆ.
ಹುಡುಗನಿಗೆ ಸುಳ್ಳು ಹೇಳಲು ಬಾರದು.
ನೀವು ಹೆಸರು ಹಿಡಿದು ಕರೆದವನು ಬರೀ ಬಾಗಿಲ ಜವಾನ,
ಒಳಗೆ ಸುದ್ದಿ ಮುಟ್ಟಿಸಿ ಆಗಲೇ ಹೋಗಿಬಿಟ್ಟ,
ಎದ್ದು ಬಂದವನನ್ನು ಹೆತ್ತದ್ದು ಇನ್ಯಾವುದೋ.

ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅಂಥವರನ್ನು ನಾನು ಬಲ್ಲೆ. ಚೀಟಿ ಹಿಡಿದು
ಡೈರೆಕ್ಟರ ಬಾಗಿಲಿಗೆ, ಅಲ್ಲಿಂದ ಬ್ಯಾಂಕಿನ ಬಾಗಿಲಿಗೆ
ಹೋಗಿ ಬರುತ್ತಿದ್ದವಳು ಯಾರು ಮತ್ತೆ?

ಒಟಿಯಾನ ಏಳು ತಿಂಗಳು ನನಗಿನ್ನೂ ಬಾಯಿಪಾಠ.
ಒಂದೊಂದೇ ಅಂಕಿ ಒತ್ತಿದೆ.
ಎಲ್ಲವೂ ಹಿಡಿಸಿತು, ಎಡಕ್ಕೆ ಜಾಗವೂ ಮಿಕ್ಕಿತು.
ಕೂಡಲು ಏನೂ ಇರಲಿಲ್ಲ,
ಹಾಗೇ ಬಿಟ್ಟು ಕೋಟು ಹಾಕಿಕೊಂಡೆ.

ಮುಂದಿನ ಗುರುವಾರ ಮುಚ್ಚುವುದನ್ನು ಕಲಿಸುತ್ತಾನಂತೆ.
ಅದು ತೆರೆಯುವುದಕ್ಕಿಂತ ಕಷ್ಟವಂತೆ,
ಕರೆದವರ ಕೈಯಲ್ಲಿ ಅದರ ಹಿಡಿ ಇರುವುದಿಲ್ಲವಂತೆ.